ದಡದ ಮೇಲೆ ಈಜು ಕಲಿಸಿದ್ದು

ನನಗೆ ಬಾರದ ವಿದ್ಯೆಗಳ ಬಗ್ಗೆ ಮಾತನಾಡುವಾಗ ನನ್ನ ದನಿಗೆ ಎಲ್ಲಿಲ್ಲದ ಗಾಂಭೀರ್ಯ ಬಂದುಬಿಡುತ್ತದೆ. ಬರುವ ವಿದ್ಯೆ ಕನ್ನಡ ವ್ಯಾಕರಣವೊಂದೇ. ಅದನ್ನು ಕುರಿತು ಮಾತೆತ್ತಿದರೆ ಎದುರಿಗಿದ್ದವರಿಗೆ ಇದ್ದಕ್ಕಿದ್ದಂತೆ ಕೆಲಸ ನೆನಪಾಗುತ್ತದೆ. ಆದ್ದರಿಂದಲೇ, ಐವತ್ತರ ದಶಕದ ಮೊದಲಲ್ಲಿ, ಚಾಮರಾಜಪೇಟೆಯ ನಮ್ಮ ಹೈಸ್ಕೂಲಿನಲ್ಲಿ ಒಂದು ಮಧ್ಯಾಹ್ನ ಡ್ರಿಲ್ ಮೇಷ್ಟ್ರು ತಮ್ಮ ತೋಳುಗಳನ್ನು ತಾವೇ ಹೊಗಳಿಕೊಳ್ಳುತ್ತಿದ್ದಾಗ, "ಚಿಕ್ಕಂದಿನಲ್ಲಿ ನಾನು ನಮ್ಮೂರ ಬಾವಿಯಲ್ಲಿ ಮೀನಿನ ಹಾಗೆ ಈಜ್ತಿದ್ದೆ" ಎಂದುಬಿಟ್ಟೆ. ನಿಜವೆಂದರೆ, ಆ ಬಾವಿಗೆ ನಾನು ಇಣುಕಿದ್ದೇ ಒಂದು ಸಲ. ಆಗಲೂ ಅಜ್ಜಿ ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡಿದ್ದಳು.

ಆ ಬೇಸಿಗೆಯಲ್ಲಿ ಡ್ರಿಲ್ ಮೇಷ್ಟ್ರಿಗೆ ಕಾಮಾಲೆಯಾಯಿತು. ಹುಡುಗರ ಶಿಬಿರ ಹತ್ತಿರ ಬಂದಿತ್ತು. ಹೆಡ್ ಮಾಸ್ಟರು ನನ್ನನ್ನು ಕರೆಸಿ, "ಏನ್ರೀ ನಂಜುಂಡಯ್ಯ, ನೀವು ಈಜ್ತೀರಂತೆ! ಹೇಳ್ಲೇ ಇಲ್ವಲ್ರೀ. ಈ ಸಲ ಶಿಬಿರ ನಿಮ್ದೇ. ಹುಡುಗ್ರಿಗೆಲ್ಲ ಈಜು ಕಲಿಸ್ಬಿಡಿ" ಎಂದರು. ನಿಜ ಹೇಳೋಣವೆಂದು ಬಾಯಿ ತೆರೆದೆ. "ಬಹಳ ಸಂತೋಷ ಸಾರ್" ಎಂಬ ಮಾತು ಹೊರಬಂತು.

ಹೊರಡುವ ದಿನ ಖಾಕಿ ಚಡ್ಡಿ ತೊಟ್ಟು ಹಜಾರಕ್ಕೆ ಬಂದೆ. ನನ್ನಾಕೆ ಕಾಲುಗಳನ್ನು ನೋಡಿದಳು, ಸ್ವಲ್ಪ ಹೊತ್ತು ಗೋಡೆ ಕಡೆ ತಿರುಗಿ ನಿಂತಳು. "ರೀ, ಮೇಲೊಂದು ಪಂಚೆ ಸುತ್ಕೊಂಡೇ ಬೀದಿ ದಾಟಿ. ಗವಿಪುರದಲ್ಲಿ ನಮ್ಗೂ ಒಂದಿಷ್ಟು ಮರ್ಯಾದೆ ಇದೆ" ಎಂದಳು. ಪಂಚೆ ಸುತ್ತಿಕೊಂಡೇ ದಾಟಿದೆ.

ಮತ್ತಿಕೆರೆಯ ಆಚೆ ಒಂದು ಮಾವಿನ ತೋಪು, ಪಕ್ಕದಲ್ಲೇ ಕೆರೆ. ಮೂವತ್ತು ಹುಡುಗರು, ನಾಲ್ಕು ಗುಡಾರ. ಮೊದಲ ದಿನದ ಉಪ್ಪಿಟ್ಟಿಗೆ ಮೂವರು ಹುಡುಗರು, ಒಬ್ಬರಿಗೊಬ್ಬರು ಹೇಳದೆ, ಮೂರು ಸಲ ಉಪ್ಪು ಹಾಕಿದರು. ಹಸಿವಿಗೆ ನಾವು ತಿಂದೆವು. ತೋಪಿನ ಕಾಗೆಗಳು ಕೊಕ್ಕು ತಾಗಿಸಿ ಹಾರಿಹೋದವು. ಮರಹತ್ತುವುದು, ಗಂಟು ಹಾಕುವುದು, ಕಲ್ಲು ಜೋಡಿಸಿ ದಾರಿಗೆ ಗುರುತು ಇಡುವುದು, ಎಲ್ಲವೂ ಹುಡುಗರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಉಳಿದದ್ದು ಈಜು.

"ಮೊದಲು ನೆಲದ ಮೇಲೆ ಸಾಧನೆ ಆಗ್ಬೇಕು" ಎಂದು ಆಜ್ಞೆ ಮಾಡಿದೆ. ಮೂವತ್ತು ಹುಡುಗರೂ ದಡದಲ್ಲಿ ಬೋರಲು ಮಲಗಿ, ಕೈಕಾಲು ಬಡಿದು, ಮೂರು ದಿನ ಧೂಳಿನಲ್ಲಿ ಈಜಿದರು. ಆ ದಾರಿಯಲ್ಲಿ ಬಂದ ಕುರಿ ಕಾಯುವವನೊಬ್ಬ ನಿಂತು ನೋಡಿ, "ಯಾಕ್ ಸಾಮಿ, ಹುಡುಗ್ರಿಗೆಲ್ಲ ಒಟ್ಟಿಗೇ ಹೊಟ್ಟೆನೋವಾ?" ಎಂದು ಕೇಳಿದ.

ಅಕ್ಕಿಪೇಟೆಯ ಅಕ್ಕಿ ವರ್ತಕರ ಮಗ ಸಿದ್ದಲಿಂಗ, ನನ್ನ ತರಗತಿಯಲ್ಲಿ ಸಂಧಿ ಬಿಡಿಸೆಂದರೆ ಕಿಟಕಿಯಾಚೆ ನೋಡುವವನು, ಮೈಯ ಧೂಳು ಕೊಡವುತ್ತ, "ಸಾರ್, ನೀರಿಗ್ ಯಾವಾಗ ಇಳಿಯೋದು?" ಎಂದ.

"ಲೋಪಸಂಧಿ ಬಾರದೆ ಆದೇಶಸಂಧಿಗೆ ಹೋಗ್ತಾರೇನೋ? ಮಲಕ್ಕೋ!" ಎಂದು ಗದರಿಸಿದೆ.

ನಾಲ್ಕನೆಯ ದಿನ ಹೆಡ್ ಮಾಸ್ಟರು ಈಜು ನೋಡಲೆಂದು ಜಟಕಾದಲ್ಲಿ ಬಂದಿಳಿದರು. ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, "ಹೂಂ, ಇಳೀರಿ" ಎಂದರು. ಮೊಣಕಾಲುದ್ದ ನೀರಿನಲ್ಲಿ ನಿಂತು ಉಪನ್ಯಾಸ ಕೊಟ್ಟೇ ಹೊತ್ತು ಕಳೆಯೋಣವೆಂದು ಲೆಕ್ಕ ಹಾಕಿ ಇಳಿದೆ. ಎರಡನೆಯ ಹೆಜ್ಜೆಗೆ ಪಾಚಿಯ ಮೇಲೆ ಕಾಲು ಜಾರಿತು. ಮೂರನೆಯ ಹೆಜ್ಜೆ ಇಡಲು ನೆಲವೇ ಇರಲಿಲ್ಲ. ಯಾರೋ ಮಣ್ಣು ತೆಗೆದ ಗುಂಡಿ. ನೀರಿನೊಳಗೆ ನನಗೆ ದೇವರು ನೆನಪಾಗಲಿಲ್ಲ. ನನ್ನನ್ನು ಈ ಚಡ್ಡಿಯಲ್ಲೇ ಗವಿಪುರದ ಬೀದಿಯಲ್ಲಿ ಹೊತ್ತು ತರುತ್ತಾರಲ್ಲ ಎಂಬುದೊಂದೇ ಯೋಚನೆ. ಒಮ್ಮೆ ಮೇಲೆ ಬಂದು ಕೂಗಲು ಹೋದೆ, ಬಾಯಿತುಂಬ ಕೆರೆ ನುಗ್ಗಿತು. ಆಗಿನ್ನೂ ನನಗೆ ಜುಟ್ಟಿತ್ತು. ಯಾರೋ ಅದನ್ನು ಹಿಡಿದು, ಬುಡಸಮೇತ ಕೀಳುವವರಂತೆ ಎಳೆದು ದಡಕ್ಕೆ ಹಾಕಿದರು. ಕಣ್ಣು ಬಿಟ್ಟರೆ ಸಿದ್ದಲಿಂಗ.

ಹೆಡ್ ಮಾಸ್ಟರು ಕೊಡೆಯನ್ನು ಎತ್ತಿ ಹಿಡಿದುಕೊಂಡೇ ಓಡಿಬಂದರು. "ಏನ್ರೋ ಇದು? ಏನಾಯ್ತೋ?"

ಸಿದ್ದಲಿಂಗ ನನ್ನ ಮುಖವನ್ನು ಒಂದು ಸಲ ನೋಡಿದ. "ಮುಳುಗೋರ್ನ ಕಾಪಾಡೋದು ಹೇಗೆ ಅಂತ ತೋರಿಸ್ಕೊಟ್ರು ಸಾರ್. ನಮ್ ಸಾರು ನಿಜವಾಗ್ ಮುಳುಗೋರ ಥರಾನೇ ಮಾಡ್ತಾರೆ" ಎಂದ. ಉಳಿದ ಇಪ್ಪತ್ತೊಂಬತ್ತು ಜನವೂ "ಹೌದು ಸಾರ್" ಎಂದರು.

"ಎಂಥಾ ಅಭಿನಯ ರೀ! ನಾನೇ ಹೆದರ್ಬಿಟ್ಟೆ" ಎಂದು ಹೆಡ್ ಮಾಸ್ಟರು ಬೆನ್ನು ತಟ್ಟಿದರು. ತಟ್ಟಿದ ಏಟಿಗೆ ಉಳಿದ ನೀರೂ ಹೊರಬಂತು.

ಅವರು ಹೋದ ಮೇಲೆ ಸಿದ್ದಲಿಂಗನನ್ನು ಬದಿಗೆ ಕರೆದು, "ಯಾಕೋ ಹಾಗೆ ಹೇಳ್ದೆ?" ಎಂದು ಕೇಳಿದೆ.

"ನಿಮ್ಮನ್ನ ತೆಗೆದ್ಬಿಟ್ರೆ ಕನ್ನಡಕ್ಕೆ ಯಾರ್ ಬರ್ತಾರೋ ಏನೋ ಸಾರ್. ನಿಮ್ ಕ್ಲಾಸಲ್ಲಾದ್ರೆ ನಿದ್ದೆ ಮಾಡ್ಬೋದು."

ಇಷ್ಟು ಪ್ರಾಮಾಣಿಕವಾದ ಮೆಚ್ಚುಗೆ ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಮತ್ತೆ ಸಿಗಲಿಲ್ಲ. ನಾಚಿಕೆ ಬಿಟ್ಟು, "ನನಗೂ ಕಲಿಸ್ತೀಯೇನೋ?" ಎಂದೆ. ಅವನು ಹತ್ತಿರದ ಹಳ್ಳಿಯಿಂದ ಒಣಗಿದ ಸೋರೆಬುರುಡೆ ತಂದು ನನ್ನ ಸೊಂಟಕ್ಕೆ ಕಟ್ಟಿದ. ಶಿಬಿರ ಮುಗಿಯುವ ಹೊತ್ತಿಗೆ ಬುರುಡೆಯಿಲ್ಲದೆ ಹತ್ತು ಮಾರು ಈಜುವಷ್ಟಾದೆ. ಹುಡುಗರು ಚಪ್ಪಾಳೆ ಹೊಡೆದಾಗ ಕಣ್ಣಲ್ಲಿ ನೀರು ಬಂತು. ಕೆರೆಯದೇ ಎಂದು ಒರೆಸಿಕೊಂಡೆ.

ಮರುವರ್ಷವೂ ಶಿಬಿರ ನನ್ನ ಪಾಲಿಗೇ ಬಂತು. ಈ ಸಲ ಹೆಡ್ ಮಾಸ್ಟರು ತಮ್ಮ ಸ್ನೇಹಿತರಿಬ್ಬರನ್ನೂ ಕರೆತಂದು, "ಮುಳುಗೋದು ತೋರಿಸ್ರೀ ನಂಜುಂಡಯ್ಯ" ಎಂದರು. ನಡುನೀರಿಗೆ ಹೋಗಿ ಮನಸ್ಸಿಟ್ಟು ಕೈಕಾಲು ಬಡಿದೆ, ಕಿರುಚಿದೆ. ಹಾಳು ದೇಹ ತೇಲುತ್ತಲೇ ಇತ್ತು. ಹೆಡ್ ಮಾಸ್ಟರು ಬೇಸರದಿಂದ ಕುರ್ಚಿ ಬಿಟ್ಟೆದ್ದರು. "ಹೋದ ವರ್ಷದ ಹಾಗಿಲ್ಲ ರೀ. ಯಾಕೋ ನೀವು ಅಭ್ಯಾಸ ಬಿಟ್ಬಿಟ್ಟಿದೀರಿ."