ಅತ್ತೆಯ ಟಾರ್ಚಿಗೆ ನಾನು ಹಾಕಿದ ಬೆಳಕು

ಯಾವುದಾದರೂ ಒಂದು ವಸ್ತುವನ್ನು ರಿಪೇರಿ ಮಾಡಲು ಬರುತ್ತದೆಂದು ಒಮ್ಮೆ ಬಾಯಿಬಿಟ್ಟವರು ಆಮೇಲೆ ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಿಲ್ಲ. ರಂಗೋಲಿ ಚೆನ್ನಾಗಿ ಹಾಕುತ್ತೇನೆಂದರೆ ಹಬ್ಬ ಹರಿದಿನಕ್ಕೆ ಮಾತ್ರ ಸಿಕ್ಕಿಬೀಳುತ್ತೀರಿ. ಟಾರ್ಚು ರಿಪೇರಿ ಬರುತ್ತದೆಂದರೆ ವರ್ಷವಿಡೀ ಸಿಕ್ಕಿಬಿದ್ದಂತೆಯೇ. ಹುತ್ತೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು, ಒಂದು ದಿನ ಪ್ರಯೋಗಶಾಲೆಯ ಕೆಟ್ಟ ಟಾರ್ಚನ್ನು ಫೋನಿನಲ್ಲಿ ವಿಡಿಯೋ ನೋಡಿಕೊಂಡು ಬಿಚ್ಚಿದೆ. ಅದು ಹೊತ್ತಿಕೊಂಡಿತು. ಅಷ್ಟಕ್ಕೇ ಸುಮ್ಮನಿರದೆ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ಮಾರನೇ ದಿನ ಹೆಡ್‌ಮಾಸ್ಟರು ಒಂದು ತಂದರು, ಡ್ರಿಲ್ ಮೇಷ್ಟ್ರು ಎರಡು ತಂದರು. ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯವರೆಲ್ಲ ಹಾಲು ತರಲು ಹೋಗುವ ದಾರಿಯಲ್ಲಿ ನಮ್ಮ ಜಗಲಿಯ ಮೇಲೆ ಟಾರ್ಚಿಟ್ಟು ಹೋಗತೊಡಗಿದರು. ಯಾವುದು ಯಾರದ್ದೆಂದು ನೆನಪಿಡುವುದೇ ರಿಪೇರಿಗಿಂತ ದೊಡ್ಡ ಕೆಲಸವಾಯಿತು.

ಹಾಗೆ ನೋಡಿದರೆ ಈ ಅಗ್ಗದ ಟಾರ್ಚುಗಳಿಗೆ ಬರುವ ಕಾಯಿಲೆ ಹೆಚ್ಚಿಲ್ಲ. ಮೊದಲು ಸೆಲ್ ನೋಡಬೇಕು, ಆಮೇಲೆ ಸ್ಪ್ರಿಂಗಿನ ತುಕ್ಕು, ಆಮೇಲೆ ಸ್ವಿಚ್ಚು. ಮೂರೂ ಸರಿಯಿದ್ದರೆ ತಪ್ಪು ಎಲ್‌ಇಡಿಯದು, ಅಂದರೆ ಗಾಜಿನ ಹಿಂದೆ ತೊಗರಿಬೇಳೆಯ ಅರ್ಧದಷ್ಟಿರುವ ಆ ಹಳದಿ ಚೌಕದ್ದು. ಮೀಟರಿನ ಎರಡು ಮೊನೆ ತಾಗಿಸಿದರೆ ಜೀವವಿರುವುದು ಮಂಕಾಗಿ ಮಿನುಗುತ್ತದೆ, ಸತ್ತದ್ದು ಸುಮ್ಮನಿರುತ್ತದೆ. ನಡುವೆ ಕರಿ ಚುಕ್ಕೆ ಬಿದ್ದಿದ್ದರೆ ಮೀಟರೂ ಬೇಡ. ಅದರ ಬಿಸಿಯನ್ನು ಟಾರ್ಚಿನ ಲೋಹದ ಮೈಗೆ ದಾಟಿಸಲು ಅಡಿಯಲ್ಲಿ ಒಂದು ಬಗೆಯ ಬಿಳಿ ಪೇಸ್ಟು ಬಳಿಯಬೇಕು. ಅಗ್ಗದ ಟಾರ್ಚಿನವರು ಬಳಿಯುವುದಿಲ್ಲ. ಪಾಪ, ಅದು ತನ್ನ ಬಿಸಿಗೆ ತಾನೇ ಬೆಂದುಹೋಗುತ್ತದೆ. ಮಧ್ಯಾಹ್ನದ ಕೊನೆಯ ಪಿರಿಯಡ್ಡಿನಲ್ಲಿ ನನಗೂ ಹಾಗೇ ಆಗುವುದರಿಂದ ಆ ಚುಕ್ಕೆ ಕಂಡರೆ ನನಗೆ ಮರುಕ. ಡ್ರಿಲ್ ಮೇಷ್ಟ್ರ ಎರಡನೇ ಟಾರ್ಚನ್ನು ಮಾತ್ರ ಒಂದು ಗಂಟೆ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿದ ಮೇಲೆ, ಸೆಲ್ಲಿನ ತುದಿಗೆ ಅಂಗಡಿಯಿಂದ ಬಂದಾಗ ಇದ್ದ ಪ್ಲಾಸ್ಟಿಕ್ ಚೂರು ಹಾಗೇ ಇರುವುದು ಕಂಡಿತು. ಅವರು ಅದನ್ನು ಒಮ್ಮೆಯೂ ಹೊತ್ತಿಸಿರಲಿಲ್ಲ. ನಾನು ಚೂರು ಕಿತ್ತು, ತುಂಬ ಕಷ್ಟದ ರಿಪೇರಿಯಾಗಿತ್ತು ಎಂದು ಹೇಳಿ ಕೊಟ್ಟೆ.

ಇಷ್ಟೆಲ್ಲ ಆದ ಮೇಲೆ ಕೆಟ್ಟದ್ದು ಅತ್ತೆಯ ಟಾರ್ಚು. ನಮ್ಮ ಯಜಮಾನರು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಹಿಪ್ಪುನೇರಳೆ ತೋಟವೂ ರೇಷ್ಮೆ ಹುಳುವಿನ ಮನೆಯೂ ಅತ್ತೆಯದೇ ರಾಜ್ಯ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗದಂತೆ ಹುಳು ಮನೆಯ ಕಿಟಕಿಗಳಿಗೆಲ್ಲ ಬಲೆ ಬಿಗಿದು, ಅದರ ಮೇಲೆ ಗೋಣಿ ತಾಟು ಇಳಿಬಿಟ್ಟಿರುವುದರಿಂದ ಹಗಲಲ್ಲೂ ಒಳಗೆ ಮಬ್ಬು. ಕರೆಂಟು ಹೋದರೆ ಹುಳು ಮೇಯುವ ಕೆಳಗಿನ ತಟ್ಟೆಗಳಲ್ಲಿ ಏನಿದೆಯೆಂದು ಕಾಣುವುದೇ ಇಲ್ಲ. ಅದಕ್ಕೇ ಅತ್ತೆ ನಂಗಲಿಯಲ್ಲಿರುವ ಅಣ್ಣನ ಮನೆಗೆ ಹೋದಾಗ ಹೆದ್ದಾರಿ ಪಕ್ಕದ ಅಂಗಡಿಯಿಂದ ಒಂದು ಟಾರ್ಚು ತಂದುಕೊಂಡಿದ್ದರು. ಐದಾರು ವರ್ಷ ಅದರ ಹಳದಿ ಬೆಳಕಿನಲ್ಲೇ ಬೆಳೆ ತೆಗೆದಿದ್ದರು. ಈ ಸಲ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಕಳೆದು, ಮೈತುಂಬಿಕೊಂಡು ಮೇಯುತ್ತಿದ್ದ ಹೊತ್ತಿನಲ್ಲಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅದೇ ದಿನ ಟಾರ್ಚೂ ಕಣ್ಣು ಮಿಟುಕಿಸತೊಡಗಿತು.

"ಭಾಗ್ಯಾ, ಊರವರ್ದೆಲ್ಲ ಮಾಡ್ತೀಯ, ನಂದೂ ಒಸಿ ನೋಡಮ್ಮ," ಎಂದರು ಅತ್ತೆ.

ಭಾನುವಾರ ಬೆಳಿಗ್ಗೆ ಬಿಚ್ಚಿ ಕೂತೆ. ಕರಿ ಚುಕ್ಕೆಯೇ. ಹಳೆಯದನ್ನು ಕಿತ್ತು, ತಳ ಕೆರೆದು, ಪೇಸ್ಟು ಬಳಿದು, ಹೊಸದನ್ನು ಕೂರಿಸಿದೆ. ಹೊತ್ತಲಿಲ್ಲ. ಎರಡು ಸಲ ಬೆಸುಗೆ ಬಿಚ್ಚಿ ಹಾಕಿದ ಮೇಲೆ ನಾನು ಕೂರಿಸಿದ್ದು ಆರು ವೋಲ್ಟಿನದೆಂದೂ ಟಾರ್ಚಿನಲ್ಲಿರುವ ಒಂದೇ ಸೆಲ್ಲಿಗೆ ಅದು ಜಗ್ಗುವುದಿಲ್ಲವೆಂದೂ ಹೊಳೆಯಿತು. ಮತ್ತೊಂದನ್ನು ಕೂರಿಸಿದೆ. ನಾನು ತಂದಿಟ್ಟುಕೊಂಡಿದ್ದ ಎಲ್‌ಇಡಿ ಪೊಟ್ಟಣದಲ್ಲಿದ್ದವುಗಳಲ್ಲೆಲ್ಲ ಪ್ರಖರವಾದದ್ದು, ಅಚ್ಚ ಬಿಳುಪಿನದು. ಗೋಡೆಗೆ ಬಿಟ್ಟರೆ ಸುಣ್ಣ ಹೊಡೆದ ಹಾಗೆ. ಅತ್ತೆ ಅದನ್ನು ಹಿಡಿದುಕೊಂಡು ಹುಳು ಮನೆಗೆ ಹೋಗಿ ಬಂದರು.

"ಬೆಳಕೇನೋ ಜಾಸ್ತಿ ಆಯ್ತಮ್ಮ. ಆದ್ರೆ ನಂಗ್ಯಾಕೋ ಸರಿಯಾಗ್ತಿಲ್ಲ."

"ಹಳೇದಕ್ಕಿಂತ ಮೂರರಷ್ಟು ಬೆಳಕಿದೆ ಅತ್ತೆ. ಕಣ್ಣಿಗೆ ಅಭ್ಯಾಸ ಆಗ್ಬೇಕು ಅಷ್ಟೆ," ಎಂದೆ. ಬೆಳಿಗ್ಗೆಯಿಂದ ಬಗ್ಗಿ ಕೂತು ಸೊಂಟ ಹಿಡಿದಿತ್ತು. ಸರಿಯಾಗಲಿಲ್ಲ ಎಂಬ ಮಾತು ಕೇಳುವ ಶಕ್ತಿ ಇರಲಿಲ್ಲ.

ರೇಷ್ಮೆಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಳು ಗೂಡು ಕಟ್ಟುವ ಮೊದಲು ಹಣ್ಣಾಗುತ್ತದೆ. ಬೆಳ್ಳಗಿದ್ದ ಮೈ ಹೊಂಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿಯಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಅದು ಕಾಯುವುದಿಲ್ಲ, ಕಂಡ ಕಂಡಲ್ಲಿ ನೂಲು ಬಿಟ್ಟುಬಿಡುತ್ತದೆ. ಅತ್ತೆಗೆ ಈ ಹಣ್ಣು ಗುರುತಿಸುವುದು ಉಸಿರಾಡಿದಷ್ಟು ಸಲೀಸು. ಸುತ್ತಲಿನವರು ಅವರನ್ನೇ ಕರೆದುಕೊಂಡು ಹೋಗಿ ತಮ್ಮ ಹುಳು ತೋರಿಸುತ್ತಿದ್ದರು.

ಬುಧವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅತ್ತೆ ಹುಳು ಮನೆಯ ಬಾಗಿಲಲ್ಲಿ ನಿಂತಿದ್ದರು. ಕರೆಂಟು ಇನ್ನೂ ಬಂದಿರಲಿಲ್ಲ.

"ಕೆಳಗಿನ ತಟ್ಟೆಗಳಲ್ಲಿ ಹುಳ ಸೊಪ್ಪು ಮುಟ್ತಿಲ್ಲ ಕಣಮ್ಮ. ಹಣ್ಣಾಯ್ತೇನೋ ಅಂತ ಟಾರ್ಚು ಬಿಟ್ರೆ ಎಲ್ಲಾ ಬೆಳ್ಳಗೇ ಅವೆ. ಒಂದೆರಡನ್ನ ಬಾಗಿಲಿಗೆ ತಂದು ನೋಡ್ಲಾ ಅಂತ."

"ಎಷ್ಟೂಂತ ಬಾಗಿಲಿಗೆ ತರ್ತೀರ ಅತ್ತೆ. ಸೊಪ್ಪು ಬಾಡಿರ್ಬೇಕು. ಈ ಟಾರ್ಚಲ್ಲಿ ಬೆಳ್ಳಗೆ ಕಂಡ್ರೆ ಬೆಳ್ಳಗಿದೆ ಅಂತಾನೇ ಅರ್ಥ." ಬಸ್ಸಿಗೆ ಹೊತ್ತಾಗಿತ್ತು.

ಅತ್ತೆ ಒಂದು ಕ್ಷಣ ಟಾರ್ಚನ್ನು ನೋಡಿದರು. "ಓದ್ಕೊಂಡಿರೋಳು ನೀನು ಹೇಳ್ತಿದೀಯ. ಆಗ್ಲಿ," ಎಂದು ತಾಜಾ ಸೊಪ್ಪು ತರಲು ತೋಟಕ್ಕೆ ಹೋದರು.

ನಾನು ಶಾಲೆಗೆ ಹೋಗಿ ಆ ದಿನ ಹತ್ತನೇ ತರಗತಿಗೆ ಬೆಳಕಿನ ಪಾಠ ಮಾಡಿದೆ. ಬಿಳಿ ಬೆಳಕಿನಲ್ಲಿ ಏಳು ಬಣ್ಣಗಳಿವೆ, ವಸ್ತುವಿನ ಮೇಲೆ ಬೀಳುವ ಬೆಳಕಿನಲ್ಲಿ ಯಾವ ಬಣ್ಣ ಇಲ್ಲವೋ ಅದನ್ನು ವಸ್ತು ತೋರಿಸಲಾರದು ಎಂದು ಬೋರ್ಡಿನ ಮೇಲೆ ಬರೆದು, ಅಡಿಗೆರೆ ಹಾಕಿ, ಎಲ್ಲರೂ ಬರೆದುಕೊಳ್ಳಿ ಎಂದೆ.

ಐದು ಗಂಟೆಗೆ ಮನೆಗೆ ಬಂದಾಗ ಹುಳು ಮನೆಯ ಬಾಗಿಲು, ಕಿಟಕಿಯ ತಾಟು ಎಲ್ಲ ಹಾರು ಹೊಡೆದಿದ್ದವು. ಪಕ್ಕದ ಮನೆಯ ಇಬ್ಬರು ಹೆಂಗಸರು ಅತ್ತೆಯ ಜೊತೆ ಬಗ್ಗಿ ಹುಳು ಆರಿಸುತ್ತಿದ್ದರು. ಕೆಳಗಿನ ಎರಡು ಸಾಲಿನ ತಟ್ಟೆಗಳಲ್ಲಿ ಹುಳುಗಳು ಅಂಚು ಹತ್ತಿ, ಕಂಬಕ್ಕೆ, ಹಗ್ಗಕ್ಕೆ, ಸೊಪ್ಪಿನ ದಂಟಿನ ಸಂದಿಗೆ ನೂಲು ಸುತ್ತಿಬಿಟ್ಟಿದ್ದವು. ಗೂಡಲ್ಲ, ಬರೀ ಜೇಡರಬಲೆಯಂಥದ್ದು. ನಾನು ಚೀಲವನ್ನು ಅಲ್ಲೇ ಇಟ್ಟು ಕೈಹಾಕಿದೆ. ಅತ್ತೆಗೆ ಸಿಟ್ಟು ಬಂದರೆ ಅವರು ತವರಿನ ತೆಲುಗಿಗೆ ಇಳಿಯುತ್ತಾರೆ. ಅವತ್ತು ತೆಲುಗೂ ಬರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

ಹಣ್ಣಾಗಿ ಉಳಿದವನ್ನೆಲ್ಲ ಚಂದ್ರಿಕೆಗೆ ಬಿಟ್ಟಾದ ಮೇಲೆ ಅತ್ತೆ ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಬಾಗಿಲಿಗೆ ಬಂದರು. ಇಳಿಬಿಸಿಲಿನಲ್ಲಿ ಅದು ಜೇನಿನ ಬಣ್ಣಕ್ಕಿತ್ತು. ಬಾಗಿಲ ಮರೆಗೆ ಸರಿದು ನನ್ನ ಟಾರ್ಚು ಬಿಟ್ಟರು. ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗಾಯಿತು. ಮತ್ತೆ ಬಿಸಿಲಿಗೆ ತಂದರು, ಜೇನು. ಮತ್ತೆ ಮರೆಗೆ, ಸುಣ್ಣ. ನನ್ನ ಎಲ್‌ಇಡಿಯ ಬಿಳುಪಿನಲ್ಲಿ ನೀಲಿಯೇ ಹೆಚ್ಚು, ಹಳದಿ ಕೆಂಪು ಕಡಿಮೆ ಎಂಬುದು ಆಗ ಹೊಳೆಯಿತು.

"ನಿನ್ ಬೆಳಕಲ್ಲಿ ಎಲ್ಲಾ ಹೆಣದ ಬಣ್ಣ ಕಣಮ್ಮ," ಎಂದರು, ಬೇಸರವೂ ಇಲ್ಲದ ದನಿಯಲ್ಲಿ. ಹುಳುವನ್ನು ಚಂದ್ರಿಕೆಗೆ ಬಿಡುತ್ತಾ, "ನನ್ ಬೆರಳಿಗೆ ಗೊತ್ತಾಗಿತ್ತು. ನಾನೂ ಸುಮ್ನಾದೆ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಿನಲ್ಲಿ ಪಾಲು ತೆಗೆದುಕೊಂಡರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

ಮೇಲಿನ ತಟ್ಟೆಗಳಲ್ಲಿ ಹಣ್ಣಾಗಲು ಹಿಂದುಳಿದ ಹುಳುಗಳು ಇನ್ನೂ ಇದ್ದವು. ಮಾರನೇ ಬೆಳಿಗ್ಗೆ ಶಾಲೆಗೆ ರಜೆ ಹೇಳಿ, ಟಿಫಿನ್ ಡಬ್ಬಿಯಲ್ಲಿ ಸೊಪ್ಪು ಹಾಸಿ, ಒಂದು ಹಣ್ಣು ಹುಳು, ಒಂದು ಹಸಿ ಹುಳು ಇಟ್ಟುಕೊಂಡು ಕೋಲಾರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಡಬ್ಬಿ ನೋಡಿ, "ಏನ್ ತಿಂಡಿಯಮ್ಮ?" ಎಂದು ಕೇಳಿದಾಗ ಉಪ್ಪಿಟ್ಟು ಎಂದೆ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯವರು ನಡುವಯಸ್ಸಿನ ಮನುಷ್ಯ. ಹಳದಿ ಛಾಯೆಯ ಎಲ್‌ಇಡಿ ಬೇಕು ಎಂದಾಗ ನನ್ನನ್ನು ಕನಿಕರದಿಂದ ನೋಡಿದರು.

"ಎಲ್ರೂ ಬೆಳ್ಳಗಿರೋದೇ ಕೇಳ್ತಾರೆ ಮೇಡಂ. ಇದು ಮಂಕು. ಯಾರಿಗೆ?"

ಡಬ್ಬಿ ತೆರೆದೆ. ಹಣ್ಣು ಹುಳು ಆಗಲೇ ಮೂಲೆಯಲ್ಲಿ ನೂಲು ಸುತ್ತತೊಡಗಿತ್ತು. ಅವರು ಗಲ್ಲಾದ ಮೇಲೆ ಬಗ್ಗಿದರು. ಮುಖವೇ ಬೇರೆಯಾಯಿತು. "ಶ್ರೀನಿವಾಸಪುರದಲ್ಲಿ ನಮ್ಮಮ್ಮನೂ ಮೇಯಿಸ್ತಿದ್ರು ಮೇಡಂ," ಎಂದು ಷಟರ್ ಅರ್ಧ ಎಳೆದು ಕತ್ತಲು ಮಾಡಿದರು. ಒಳಗಿನಿಂದ ಧೂಳು ಹಿಡಿದ ಡಬ್ಬ ತಂದು, ಒಂದೊಂದೇ ಎಲ್‌ಇಡಿಗೆ ತಂತಿ ತಾಗಿಸಿ ಹುಳುಗಳ ಮೇಲೆ ಹಿಡಿದರು. ಇಬ್ಬರು ಗಿರಾಕಿಗಳು ಷಟರಿನ ಕೆಳಗೆ ಬಗ್ಗಿ ನೋಡಿ, ಏನೋ ಗಂಭೀರ ವ್ಯವಹಾರವೆಂದು ಹಿಂದೆ ಸರಿದರು. ನಾಲ್ಕನೆಯದಕ್ಕೆ ಅಂಗಡಿಯವರು, "ನೋಡಿ, ಇದು ಹಣ್ಣು, ಇದು ಹಸಿ," ಎಂದರು. ನನಗೂ ಕಂಡಿತು. ಅಂಥವು ಅವರ ಬಳಿ ಆರು ಇದ್ದವು. ಆರನ್ನೂ ಕೊಂಡೆ.

ಅವತ್ತೇ ಕೂರಿಸಿ ಅತ್ತೆಯ ಕೈಗೆ ಕೊಟ್ಟೆ. ಅವರು ಹುಳು ಮನೆಯೊಳಗೆ ಹೋದವರು ಹತ್ತು ನಿಮಿಷ ಹೊರಗೆ ಬರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಬರುವಾಗ ಸೆರಗಿನಲ್ಲಿ ಹಣ್ಣು ಹುಳುಗಳಿದ್ದವು. "ಪರ್ವಾಲೇದು," ಎಂದರು, ಪರವಾಗಿಲ್ಲ ಎಂಬುದನ್ನು ತೆಲುಗಿನಲ್ಲಿ. ಅತ್ತೆಯ ತೆಲುಗು ಕೇಳಿ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಮುಂದಿನ ಬೆಳೆ ಚೆನ್ನಾಗಿ ಬಂತು. ಆಮೇಲೊಂದು ಸಂಜೆ ಪಕ್ಕದ ಮನೆಯಾಕೆ ಟಾರ್ಚು ಹಿಡಿದು ಬಂದಾಗ, ಈ ಕೆಲಸ ಬಿಟ್ಟುಬಿಟ್ಟಿದ್ದೇನೆ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಒಳಗಿನಿಂದ ಅತ್ತೆ, "ಇಟ್ಟೋಗಮ್ಮ. ನಮ್ ಸೊಸೆ ಮಾಡ್ತಾಳೆ. ಆದ್ಮೇಲೆ ನಾನೊಂದ್ಸಲ ನೋಡಿ ಕೊಡ್ತೀನಿ," ಎಂದರು. ಈಗ ಅದೇ ಪದ್ಧತಿಯಾಗಿದೆ. ನಾನು ಕೂರಿಸಿದ್ದನ್ನು ಅತ್ತೆ ಹುಳು ಮನೆಗೆ ಒಯ್ದು, ತಟ್ಟೆಯ ಮೇಲೆ ಬೆಳಕು ಬಿಟ್ಟು, ಒಪ್ಪಿಗೆಯಾದರೆ ಜಗಲಿಯ ಮೇಲೆ, ಇಲ್ಲವಾದರೆ ನನ್ನ ಮೇಜಿನ ಮೇಲೆ ಇಡುತ್ತಾರೆ. ಈ ವಾರ ನಾಲ್ಕು ಟಾರ್ಚು ಒಪ್ಪಿಸಿದ್ದೆ. ಜಗಲಿಯ ಮೇಲೆ ಒಂದಿದೆ.