ನನ್ನ ಒಸಡಿನ ದಿಗ್ವಿಜಯ

ಹೊನ್ನವಳ್ಳಿಯ ನಮ್ಮ ತೋಟದ ಮೇಲಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಂಥದ್ದೆಲ್ಲ ನಿಮಗೇ ಯಾಕೆ ಆಗುತ್ತೆ ಅಂತ ಊರವರು ಕೇಳುತ್ತಿರುತ್ತಾರೆ. ದೊಡ್ಡ ಮನುಷ್ಯರಿಗೆ ಆಗೋದೇ ಹಿಂಗೆ ಕಣ್ರೀ.

ಅಟ್ಟದ ಲೆಕ್ಕ

ನಮ್ಮ ಮನೆಯಲ್ಲೊಂದು ಪದ್ಧತಿ. ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕೊಬ್ಬರಿಗೆ ಇಳಿಸುವ ದಿನ ಮೊದಲ ಕೊಬ್ಬರಿ ಉಂಡೆಯನ್ನು ಹೋಳು ಮಾಡಿ, ಮನೆಯ ಹಿರಿಯ ಅದರ ಅಂಚು ಕಚ್ಚಿ ಮುರಿದು "ಮಾಲು ಗಟ್ಟಿ" ಅನ್ನಬೇಕು. ಆಮೇಲೇ ಮಿಕ್ಕ ಕಾಯಿ ಸುಲಿಯೋದು. ಅಪ್ಪನ ನಂತರ ಆ ಪಟ್ಟ ನನ್ನದು. ನಾನು ಕಚ್ಚಿದ ಸದ್ದಿಗೇ ತಿಪಟೂರು ಮಾರುಕಟ್ಟೆಯಲ್ಲಿ ರೇಟು ಏರುತ್ತಿತ್ತು.

ಈ ಸಲ ಕೆಳಗಿನ ಹಲ್ಲುಗಳು ಅಲ್ಲಾಡತೊಡಗಿದವು. ಉಜ್ಜಿದರೆ ರಕ್ತ. ನಾನು ಹೆದರಲಿಲ್ಲ. ಅಟ್ಟದ ಕಾಯಿ ಅಲ್ಲಾಡಿಸಿದಾಗ ಒಳಗೆ ಗುಡುಗುಡು ಅಂದರೆ ಕೊಬ್ಬರಿ ಹದವಾಗಿದೆ ಅಂತ ತಾನೆ? ಹಲ್ಲೂ ಹದಕ್ಕೆ ಬಂದಿವೆ ಅಂತ ಬೀಗಿದೆ. ತಿಪಟೂರಿನ ಹಲ್ಲಿನ ಡಾಕ್ಟರಮ್ಮನಿಗೂ ಅದನ್ನೇ ಹೇಳಿದೆ.

"ಹದ ಬಂದ ಕೊಬ್ಬರೀನ ಏನ್ ಮಾಡ್ತೀರ ಯಜಮಾನ್ರೇ?"

"ಕರಟ ಒಡೆದು ಹೊರಗೆ ತೆಗೀತೀವಿ."

"ಹಿಂಗೇ ಬಿಟ್ರೆ ನಾನೂ ಅದನ್ನೇ ಮಾಡಬೇಕಾಗುತ್ತೆ," ಅಂದರು.

ಬೋರ್‌ವೆಲ್

ಒಸಡಿನ ಒಳಗೆ ಹಲ್ಲಿನ ಬೇರಿಗೆ ಕಿಟ್ಟ ಕಟ್ಟಿದೆಯಂತೆ. ಬೇರಿನವರೆಗೂ ಕೆರೆದು ತೆಗೆದರೆ ಹಲ್ಲು ಉಳಿಯುತ್ತೆ, ಇಲ್ಲದಿದ್ದರೆ ಪಟ್ಟವೂ ಇಲ್ಲ, ಹಲ್ಲೂ ಇಲ್ಲ. ಮರಗಟ್ಟಿಸೋ ಸೂಜಿ ಚುಚ್ಚಿದಾಗ ನಾನು ಕಮಕ್ ಕಿಮಕ್ ಅನ್ನಲಿಲ್ಲ. ಕಿಟ್ಟ ಕೆರೆಯೋ ಮಿಷೀನು ಶುರುವಾಯಿತು. ತೋಟದಲ್ಲಿ ಎಲ್ಲಿ ಬೋರು ಕೊರೆಸಿದರೂ ಬರೀ ಧೂಳು ಕಂಡವನು ನಾನು. ಈಯಮ್ಮ ಬಾಯಲ್ಲಿ ಕೊರೆದ ತಕ್ಷಣ ನೀರೋ ನೀರು!

"ನುಂಗಬೇಡಿ, ಉಗೀರಿ" ಅಂತಾರೆ. ಅಪರೂಪಕ್ಕೆ ಬಿದ್ದ ನೀರು, ಉಗಿಯೋಕೆ ಮನಸ್ಸು ಬರಬೇಕಲ್ಲ!

ಶಾಂತಿ

ಅವತ್ತು ಬಾಯಿಯ ಒಂದು ಕಡೆ ಕೆರೆದರು, ಮುಂದಿನ ವಾರ ಇನ್ನೊಂದು ಕಡೆ. ಅರ್ಧ ಮುಖ ಮರಗಟ್ಟಿಸಿಕೊಂಡು ಮನೆಗೆ ಬಂದೆ. ಹೆಂಡತಿ ಏನಂದರೂ ನನ್ನ ಬಾಯಿಂದ "ವ್ವೂ" ಬಿಟ್ಟು ಬೇರೇನೂ ಹೊರಡಲಿಲ್ಲ. ಸಂಜೆವರೆಗೂ ನೋಡಿದಳು. ಕೊನೆಗೆ, "ರೀ, ಆ ಡಾಕ್ಟರಮ್ಮಂಗೆ ಒಂದು ಗೊನೆ ಎಳನೀರು ಕೊಟ್ಟು ಬನ್ನಿ. ಇದನ್ನ ವಾರವಾರವೂ ಮಾಡ್ತಾರಾ ಕೇಳಿ," ಅಂದಳು.

ಮಾಲು ಗಟ್ಟಿ

ಸುದ್ದಿ ತಿಳಿದು ಸಂಪಿಗೆ ಊರಿಂದ ಬಾಮೈದ ಬಂದಿಳಿದ. "ಭಾವ, ನಿಮ್ಮದು ಮುಗೀತು ಬುಡಿ. ಈ ಸಲ ನಾನೇ ಕಚ್ತೀನಿ. ನೋಡಿ, ಹೆಂಗವೆ ಹಲ್ಲು!" ಮುತ್ತು ಪೋಣಿಸಿದಂಗಿದ್ದವು. ಹೊಟ್ಟೆ ಉರಿಯಿತು.

ನಾನು ಕೊಬ್ಬರಿ ಇಳಿಸೋದನ್ನೇ ಮುಂದಕ್ಕೆ ಹಾಕಿದೆ. ಗಂಜಿ ಕುಡಿದೆ, ಡಾಕ್ಟರಮ್ಮ ಕಲಿಸಿದಂಗೆ ಉಜ್ಜಿದೆ. ಒಸಡು ಬಿಗಿಯಿತು. "ಮೆಲ್ಲಗೆ, ದವಡೆ ಹಲ್ಲಲ್ಲಿ ಕಚ್ಚಿ" ಅಂತ ಅಪ್ಪಣೆಯೂ ಸಿಕ್ಕಿತು.

ನೆಂಟರೆಲ್ಲರ ಮುಂದೆ ಕಚ್ಚಿದೆ. ಟಕ್! ಅಟ್ಟದ ಇಲಿಗಳೆಲ್ಲ ಕೆಂಕೆರೆ ದಾರಿ ಹಿಡಿದವು. ಹಲ್ಲು ಒಂದೂ ಅಲ್ಲಾಡಲಿಲ್ಲ. "ಮಾಲು ಗಟ್ಟಿ!" ಅಂದೆ.

ಬಾಮೈದನಿಗೆ ತಡೆಯಲಿಲ್ಲ. "ಅದೇನ್ ಮಹಾ!" ಅಂತ ಇನ್ನೊಂದು ಹೋಳು ಕಿತ್ತುಕೊಂಡು ಕಚ್ಚಿದ, ಜಗ್ಗಿದ. ಕೊಬ್ಬರಿ ಕೈಗೆ ಬಂತು. ಜೊತೆಗೆ ಮೇಲಿನ ಹಲ್ಲುಸೆಟ್ಟೂ ಬಂತು. ಕಟ್ಟಿಸಿಕೊಂಡ ಹಲ್ಲು ಅಂತ ಅವನ ಹೆಂಡತಿಗೂ ಗೊತ್ತಿರಲಿಲ್ಲ! ಅವನು ಬಾಯಿ ಮುಚ್ಚಿಕೊಂಡು ನಿಂತ. ಕೊಬ್ಬರಿ ಮಾತ್ರ ಹಲ್ಲು ಕಿರಿದು ನಗುತ್ತಿತ್ತು.

ಎಲ್ಲ ನಿಜ. ಸೂಜಿ ಚುಚ್ಚಿದಾಗ ಕಮಕ್ ಕಿಮಕ್ ಅನ್ನಲಿಲ್ಲ ಅಂದೆನಲ್ಲ, ಅದೊಂದು ಕಟ್ಟಿದ್ದು. ನನ್ನ ಕೂಗು ಕೇಳಿ ಹೊರಗೆ ಕಾಯುತ್ತಿದ್ದವರೆಲ್ಲ ಹಲ್ಲುನೋವು ವಾಸಿಯಾಯ್ತು ಅಂತ ಮನೆಗೆ ಹೋದರು.