ಒನಕೆಗೂ ಗುಂಡು ತುಂಬುವ ಮೈದುನ

ನನ್ನ ಮೈದುನ ಮಿಲಿಟರಿಯಲ್ಲಿದ್ದು ಬಂದವನು. ಆದರೆ ಅವನಷ್ಟು ಕೋವಿಗೆ ಹೆದರುವ ಗಂಡಸು ಟೇಕಲ್ ಸುತ್ತಮುತ್ತ ಇನ್ನೊಬ್ಬನಿಲ್ಲ! ಕಾಡುಹಂದಿ ಬೆದರಿಸಲು ಲೈಸೆನ್ಸ್ ಪಡೆದ ಕೋವಿ ಬೀರುವಿನಲ್ಲಿದೆ. ಅದನ್ನು ಹೊರಗೆ ತೆಗೆದರೆ ಹಂದಿಗಿಂತ ಮೊದಲು ಅವನೇ ಬೆವರುತ್ತಾನೆ.

ಇಂಥವನ ಹತ್ತಿರ ಭಾನುವಾರ ಊರಿನ ಹೈಸ್ಕೂಲು, ಕಾಲೇಜು ಮಕ್ಕಳು ಕೋವಿ ವಿದ್ಯೆ ಕಲಿಯಲು ಬರುತ್ತಾರೆ. ಕೈಗೆ ಏನು ಕೊಡುತ್ತಾನೆ ಗೊತ್ತೇ? ನನ್ನ ಒನಕೆ! ಅದರ ತುದಿ ಯಾರ ಕಾಲಿನ ಕಡೆ ತಿರುಗಿದರೂ ಸರಿ, ಅವತ್ತಿನ ಪಾಠ ಮುಗಿಯಿತು.

“ಏನಪ್ಪ, ಒನಕೇಲೂ ಗುಂಡೈತಾ?” ಎಂದೆ.

“ಐತೆ ಅಂತಲೇ ತಿಳ್ಕೋಬೇಕು ಅತ್ತಿಗೆ.”

“ಹಂಗಾದ್ರೆ ನಾನು ಇಷ್ಟು ವರ್ಷ ಅದ್ರಲ್ಲಿ ಮೆಣಸಿನಕಾಯಿ ಕುಟ್ಟಿದ್ದು?”

“ನಿಮ್ಮ ಅದೃಷ್ಟ ದೊಡ್ಡದು!”

ಅಷ್ಟು ಚಿಕ್ಕ ಗುಂಡು ಅಷ್ಟು ದೊಡ್ಡ ಹಂದಿಯನ್ನು ಹೇಗೆ ಕೆಡವುತ್ತದೆ? ಹೀಗೆಂದು ನಾನು ಕೇಳಿದ್ದೇ ತಪ್ಪಾಯಿತು! ಆಗಷ್ಟೇ ಕಟ್ಟಿದ ನನ್ನ ರಾಗಿಮುದ್ದೆಯನ್ನು ಮಕ್ಕಳ ಮುಂದಿಟ್ಟು, ಗೋಲಿಯೊಂದನ್ನು ಗೇಣೆತ್ತರದಿಂದ ಬಿಟ್ಟ. ಸಣ್ಣ ತಗ್ಗು. ಬೆಂಚು ಹತ್ತಿ ತಲೆಯ ಮೇಲಿಂದ ಬಿಟ್ಟ. ಗೋಲಿ ಮುಳುಗಿಯೇ ಹೋಯಿತು!

“ಗೋಲಿ ಅದೇ, ತೂಕ ಅದೇ. ವೇಗ ಎರಡರಷ್ಟಾದ್ರೆ ಏಟು ನಾಲ್ಕರಷ್ಟು ಕಣ್ರೋ!”

“ಮೊದ್ಲು ಗೋಲಿ ತೆಗಿಯಪ್ಪ, ನುಂಗೋಳು ನಾನು!” ಎಂದೆ.

ನನ್ನ ಮೊಮ್ಮಗಳಿಗೆ ಕಾಲೇಜಿನ ಶೂಟಿಂಗ್ ಕ್ಯಾಂಪಿಗೆ ಹೋಗುವ ಹುಚ್ಚು. “ಚಿಕ್ತಾತ ಒಪ್ಪಿದ್ರೆ ಹೋಗು” ಎಂದಿದ್ದ ನನ್ನ ಮಗ. ಆ ಚಿಕ್ತಾತ, ನನ್ನ ಮೈದುನ, ಒಪ್ಪಬೇಕಲ್ಲ! ಕೇಳಿದಾಗಲೆಲ್ಲ “ಇನ್ನೂ ಆಗಿಲ್ಲ” ಎನ್ನುವನು. ಹುಡುಗಿ ಒನಕೆ ಹಿಡಿದು ಅಳುವಳು.

ಈ ಸಲ ಆಯುಧಪೂಜೆಗೆ ಕುಡುಗೋಲು, ನೇಗಿಲಿನ ಜೊತೆ ಕೋವಿಗೂ ಕುಂಕುಮವಿಟ್ಟೆವು. ಪೂಜೆ ಮುಗಿದ ಮೇಲೆ ಮೈದುನ ಕೋವಿ ಎತ್ತಿಕೊಂಡು ಬೀರುವಿನ ಕಡೆ ತಿರುಗಿದ.

“ನಿಲ್ಲು ಚಿಕ್ತಾತ! ನಳಿಗೆ ಅಜ್ಜಿ ಕಡೆ ಐತೆ! ಗುಂಡೈತಾ ಅಂತ ತೆರೆದೂ ನೋಡಿಲ್ಲ ನೀನು!”

ಕೂಗಿದವಳು ಮೊಮ್ಮಗಳು. ಅವನು ನಳಿಗೆಯನ್ನು ನೆಲಕ್ಕೆ ತಿರುಗಿಸಿ ಕೋವಿ ತೆರೆದ. ಗುಂಡಿರಲಿಲ್ಲ.

“ಏನೂ ಇಲ್ವಲ್ಲೇ! ದೊಡ್ಡೋರಿಗೆ ಹಿಂಗಾ ಕೂಗೋದು?” ಎಂದು ಮಗ ರೇಗಿದ.

“ಬೈಬೇಡಪ್ಪ. ಅವಳು ಕಲ್ತಳು. ಕ್ಯಾಂಪಿಗೆ ಕಳ್ಸು” ಎಂದ ಮೈದುನ. ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನನ್ನ ಮುಂದೆಯೇ ನೆಲದ ಮೇಲೆ ಕೂತ. “ನನ್ನ ಕೈ ಮುದಿಯಾಯ್ತು ಅತ್ತಿಗೆ. ಇದನ್ನ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿಬಿಡ್ತೀನಿ. ನಿಮ್ಮ ಕಡೆನೇ ತಿರುಗಿಸಿಬಿಟ್ನಲ್ಲ...”

ಆರತಿ ತಟ್ಟೆ ಕೆಳಗಿಟ್ಟು ಪಕ್ಕದಲ್ಲಿ ಕೂತು, ಅವನ ಕೈ ಹಿಡಿದುಕೊಂಡೆ. ಅವನು ಏಳುವ ತನಕ ಬಿಡಲಿಲ್ಲ.